ಕೆಂಪಮ್ಮನ ಫೋಟೋಗೆ ಹಾರ ಬಿದ್ದ ದಿನ

ಆಸ್ಪತ್ರೆಯ ಕೆಲಸಕ್ಕೆ ಸೇರಿದ ದಿನ ನಿಮ್ಮ ಕೈಗೆ ಕೊಡುವ ನಿಯಮಾವಳಿಯನ್ನು ಆಮೇಲೆ ಓದಿ. ಮೊದಲು ಟೀ ಬರುವ ಹೊತ್ತಿಗೆ ಕಾರಿಡಾರಿನಲ್ಲಿ ನಿಂತು ಯಾರಿಗೆ ಯಾವುದರಲ್ಲಿ ಟೀ ಬರುತ್ತದೆ ಎಂದು ನೋಡಿ. ನಾನು ಸೇರಿದ ದಿನ ವೈದ್ಯರಿಗೆ ಪಿಂಗಾಣಿ ಕಪ್ಪು, ನರ್ಸುಗಳಿಗೂ ಗುಮಾಸ್ತರಿಗೂ ಗಾಜಿನ ಲೋಟ, ಕಸ ಗುಡಿಸುವವರಿಗೆ ಪೇಪರ್ ಕಪ್ಪು ಬಂತು. ಹೀಗೆ ಕೊಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಟೀ ತರುವವನಿಗೆ ಅದು ತಾನಾಗಿ ಗೊತ್ತಿತ್ತು. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ನಾನು ಈಚೆಗೆ ಆ ಕೆಲಸ ಬಿಟ್ಟೆ. ಕಾರಣ ನನ್ನದು, ಅದರಿಂದ ಓದುವವರಿಗೆ ಉಪಯೋಗವಿಲ್ಲ. ನಿವೃತ್ತರಾದವರು ಬರೆಯುವಂಥದ್ದನ್ನು ಬರೆಯುವ ವಯಸ್ಸೂ ನನ್ನದಲ್ಲ. ಆದರೆ ನನ್ನ ಕುರ್ಚಿಗೆ ಬರಲಿರುವ ಹುಡುಗಿ ಫೋನ್ ಮಾಡಿ, "ಸಿಬ್ಬಂದಿ ಕ್ಷೇಮಾಧಿಕಾರಿ ಅಂದರೆ ನಿಜವಾಗಿ ಏನು ಮಾಡಬೇಕು ಅಕ್ಕ?" ಎಂದು ಕೇಳಿದಳು. ಫೋನಿನಲ್ಲಿ ಹೇಳಲು ನನಗೆ ಬರಲಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತರೆ ಒಂದು ದಿನದ ನೆನಪು ಉಳಿದದ್ದನ್ನೆಲ್ಲ ತಳ್ಳಿಕೊಂಡು ಮುಂದೆ ಬರುತ್ತಿದೆ.

ನಮ್ಮದು ಖಾಸಗಿ ಆಸ್ಪತ್ರೆ. ಮಂಡ್ಯದಲ್ಲಿ ದೊಡ್ಡದು, ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಚಿಕ್ಕ ಶಾಖೆಗಳು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದ ನನ್ನನ್ನು ಸಂದರ್ಶನ ಮಾಡಿದವರು ಆಡಳಿತಾಧಿಕಾರಿ ನಂಜೇಗೌಡರು. ಅದಕ್ಕೂ ಮೊದಲು ಒಂದು ಸಕ್ಕರೆ ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದವರು. ಕಬ್ಬಿನ ಗಾಡಿಗಳ ನಡುವೆ ಕೂಗಿ ಕೂಗಿ ಅವರ ಗಂಟಲು ಎತ್ತರಕ್ಕೇ ನಿಂತುಬಿಟ್ಟಿತ್ತು. ಐಸಿಯು ಬಾಗಿಲಲ್ಲೂ ಅದೇ ದನಿ.

"ನೋಡವ್ವ, ಸನ್ಮಾನ ಅಂದ್ರೆ ಪೇಟ, ಶಾಲು, ಅಣ್ಣಿನ ಬುಟ್ಟಿ," ಎಂದರು ಮೊದಲ ವಾರ. "ವಾರ್ಷಿಕೋತ್ಸವದ ದಿನ ಡಾಕ್ಟ್ರಿಗೆಲ್ಲ ಇಡ್ತೀವಿ. ಮಿಕ್ಕೋರಿಗೆ ಮೈಸೂರ್ ಪಾಕಿನ ಡಬ್ಬ. ಯಾರಿಗೂ ಬೇಜಾರಿಲ್ಲ."

"ಕಸ ಗುಡಿಸುವವರಿಗೆ ಡಬ್ಬ ಸಿಗುತ್ತದೆಯೇ ಸಾರ್?"

"ಅವ್ರು ನಮ್ ಸಿಬ್ಬಂದಿ ಅಲ್ಲ, ಗುತ್ತಿಗೆಯೋರ ಸಿಬ್ಬಂದಿ." ಆಮೇಲೆ ಅವರೇ ಸೇರಿಸಿದರು: "ಉಳುದ್ರೆ ಸಿಕ್ತದೆ."

ಮನುಷ್ಯ ಒಳ್ಳೆಯವರು. ಹಾಗಾಗಿಯೇ ನಾನು ಅವರ ಬೆನ್ನು ಬಿಡಲಿಲ್ಲ. ತಿಂಗಳಿಗೊಬ್ಬರನ್ನು, ಯಾವ ಕೆಲಸದವರಾದರೂ ಸರಿ, ಆರಿಸಿ ಅವರ ಫೋಟೋವನ್ನು ಚೌಕಟ್ಟು ಹಾಕಿ ಹೊರರೋಗಿ ವಿಭಾಗದ ಗೋಡೆಗೆ ಹಾಕೋಣ ಎಂದು ಕೇಳಿ, ಕೇಳಿ, ಒಪ್ಪಿಸಿದೆ. "ಆಕ್ಕೊ ಓಗವ್ವ, ಒಂದ್ ಮೊಳೆ ತಾನೇ," ಎಂದರು.

ಮೊದಲ ಪ್ರಯೋಗ ಮದ್ದೂರಿನಲ್ಲಿ. ಸಿಬ್ಬಂದಿಯೇ ಮತ ಹಾಕಿ ಆರಿಸಲಿ ಎಂದೆ. ಲ್ಯಾಬಿನ ಹುಡುಗಿಯೊಬ್ಬಳು ಭಾರೀ ಬಹುಮತದಿಂದ ಗೆದ್ದಳು. ಅವಳು ಕೆಲಸದಲ್ಲಿ ಅಂಥದ್ದೇನು ಮಾಡಿದಳು ಎಂದು ತಿಳಿದುಕೊಳ್ಳಲು ಆಂಬುಲೆನ್ಸ್ ಓಡಿಸುವ ಅನ್ವರಣ್ಣನನ್ನು ಕೇಳಿದೆ. ಮದ್ದೂರಿನವನೇ. ಅವನ ಅಣ್ಣತಮ್ಮಂದಿರೆಲ್ಲ ಬಸ್‌ಸ್ಟ್ಯಾಂಡ್ ಹಿಂದೆ ಗ್ಯಾರೇಜ್ ಇಟ್ಟವರು. ಬಾಯಿಗೆ ಬ್ರೇಕಿಲ್ಲ.

"ಕೆಲ್ಸದ್ ವಿಷ್ಯ ಯಾರ್ ನೋಡುದ್ರು ಮೇಡಂ? ಮುಂದಿನ ತಿಂಗ್ಳು ಮದ್ವೆ ಅವ್ಳಿಗೆ. ಗಂಡಿನ್ ಕಡೆಯೋರು ನೋಡ್ಲಿ ಅಂತ ಆಕುದ್ವಿ."

"ಹಾಗಾದರೆ ಮುಂದಿನ ತಿಂಗಳು?"

"ಸೆಕ್ಯೂರಿಟಿ ಬೋರಣ್ಣ. ಅದಾದ್ಮೇಲೆ ನಂದು. ಎಲ್ಲಾ ಪಾಳಿ ಮಾಡ್ಕಂಡಿವ್ನಿ ನಾನು, ನೀವ್ ತಲೆ ಕೆಡಿಸ್ಕೋಬ್ಯಾಡಿ."

ನಾಲೆ ನೀರಿಗೆ ಪಾಳಿ ಮಾಡಿಕೊಳ್ಳುವ ಊರುಗಳು ಇವು. ಯಾರ ಗದ್ದೆಯೂ ಒಣಗಬಾರದು, ಯಾರೂ ಯಾರ ಮೇಲೂ ಹೊಟ್ಟೆ ಉರಿದುಕೊಳ್ಳಬಾರದು. ಫೋಟೋಗೂ ಅದೇ ನ್ಯಾಯ. ನನಗೆ ಸಿಟ್ಟು ಬರಬೇಕಿತ್ತು, ಬದಲಾಗಿ ಖುಷಿಯಾಯಿತು. ಇಷ್ಟೊಂದು ಚೆನ್ನಾಗಿ ಒಗ್ಗೂಡಬಲ್ಲ ಜನ ಇವರು! ನಾನು ಕೇಳಿದ್ದು ತಪ್ಪು ಜನರನ್ನು, ಅಷ್ಟೇ. ಕೇಳಬೇಕಾದ್ದು ರೋಗಿಗಳನ್ನು.

ಹಾಗಾಗಿ ಮಳವಳ್ಳಿಯಲ್ಲಿ ವಿಧಾನ ಬದಲಿಸಿದೆ. ಬಿಡುಗಡೆಯಾಗಿ ಮನೆಗೆ ಹೊರಟವರ ಪಕ್ಕ ಬೆಂಚಿನ ಮೇಲೆ ಕೂತು, "ಇಲ್ಲಿ ನಿಮಗೆ ಯಾರಿಂದ ಅನುಕೂಲವಾಯಿತು?" ಎಂದು ಕೇಳುವುದು. ವೈದ್ಯರ ಹೆಸರು ಬರುತ್ತಿತ್ತು, ಒಬ್ಬಿಬ್ಬರು ನರ್ಸುಗಳ ಹೆಸರು ಬರುತ್ತಿತ್ತು. ಆದರೆ ಮತ್ತೆ ಮತ್ತೆ ಬಂದದ್ದು ಹೆಸರೇ ಇಲ್ಲದ ಒಬ್ಬರು: "ಆ ಕಸ ಗುಡ್ಸೋ ಯಮ್ಮ."

"ಏನು ಮಾಡಿದರು ಅವರು?"

"ಒಳ್ಳೇ ಯಮ್ಮ ಕಣವ್ವ," ಎನ್ನುವರು. ಅಷ್ಟು ಹೇಳಿ ಫ್ಯಾನು ನೋಡುವರು, ಇಲ್ಲವೇ ಚೀಲದ ಬಾಯಿ ಕಟ್ಟುವರು. ಮುಂದೆ ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ವಾರ್ಡನ್ನು ಚೊಕ್ಕಟವಾಗಿ ಇಡುತ್ತಾರೆ ಎಂದು ಹೊಗಳುತ್ತಿದ್ದಾರೆ ಅಂದುಕೊಂಡೆ.

ಆ ಯಮ್ಮ ಪೂರಿಗಾಲಿಯ ಕೆಂಪಮ್ಮ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಗಟ್ಟಿ ದನಿ, ಗಟ್ಟಿ ನಗು. ಅವರು ನನ್ನನ್ನು ಮೊದಲೇ ಒಂದು ಮಾತು ಕೇಳಿದ್ದರು. ವಾರ್ಡಿಗೆ ಸಹಾಯಕಿಯರು ಬೇಕು ಎಂದು ನೋಟಿಸು ಹಾಕಿದ್ದೆವು. ರೋಗಿಗಳನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು ಅವರ ಕೆಲಸ. ಗುತ್ತಿಗೆ ಅಲ್ಲ, ಆಸ್ಪತ್ರೆಯದೇ ನೌಕರಿ. ಕೆಂಪಮ್ಮ ಪೊರಕೆ ಕಂಕುಳಲ್ಲಿಟ್ಟುಕೊಂಡು ನೋಟಿಸಿನ ಮುಂದೆ ನಿಂತಿದ್ದರು.

"ಇದ್ಕೆ ನಾನ್ ಆಗಾಕಿಲ್ವಾ ಮೇಡಂ?"

ಯಾಕಾಗಬಾರದು ಎಂದು ನಾನು ನೇರ ಶುಶ್ರೂಷಾ ಮೇಲ್ವಿಚಾರಕಿ ಸುಮಿತ್ರಾ ಸಿಸ್ಟರ್ ಹತ್ತಿರ ಹೋದೆ. ಇಡೀ ಮಳವಳ್ಳಿ ಶಾಖೆ ಅವರ ಕಣ್ಣಳತೆಯಲ್ಲಿ ನಡೆಯುತ್ತಿತ್ತು. ಅವರು ಪೆನ್ನಿಟ್ಟು ನನ್ನನ್ನು ನೋಡಿದರು.

"ಆಯಮ್ಮನ ಕೇರಿ ಯಾವುದು ಅಂತ ಸುತ್ತಲ ಊರಿಗೆಲ್ಲ ಗೊತ್ತು ಮೇಡಂ. ಆ ಕೈಯಿಂದ ನೀರು ಕುಡೀರಿ ಅಂದರೆ ಕುಡಿಯಲ್ಲ. ರೋಗಿ ಕುಡಿಯದಿದ್ದರೆ ನನಗೆ ತೊಂದರೆ."

"ಇದು ನಿಮ್ಮ ಮಾತೇ ಸಿಸ್ಟರ್?"

"ನನ್ನದಲ್ಲ. ಊರಿಂದು. ನೀವು ಮಂಡ್ಯದಲ್ಲಿ ಕೂತು ಬರೀತೀರಿ, ನಾನಿಲ್ಲಿ ವಾರ್ಡ್ ನಡೆಸಬೇಕು. ಮತ್ತೆ ಇನ್ನೊಂದು. ಗುಡಿಸೋರು ರೋಗಿಗಳ ಊಟ ಮುಟ್ಟೋದನ್ನ ನಾನು ಕಂಡರೆ ಅವತ್ತೇ ಕೆಲಸದಿಂದ ತೆಗೀತೀನಿ. ಹಿಂದೆ ತೆಗೆದಿದೀನಿ. ಕಾಯಿಲೆ ಹರಡೋ ವಿಷಯ, ಅದರಲ್ಲಿ ಜಾತಿ ಇಲ್ಲ."

ಎರಡನೆಯ ಮಾತು ಸರಿ. ಮೊದಲನೆಯದಕ್ಕೆ ಪುರಾವೆ ಬೇಕಿತ್ತು. ನಂಜೇಗೌಡರು, "ಸಿಸ್ಟರ್ ಒಪ್ಪುದ್ರೆ ನಂದೇನಿಲ್ಲ," ಎಂದು ಕೈ ತೊಳೆದುಕೊಂಡರು. ಕೆಂಪಮ್ಮನಿಗೆ ಹೇಳಿದಾಗ ಅವರು ಬೇಜಾರು ತೋರಿಸಲಿಲ್ಲ. "ಬುಡಿ ಮೇಡಂ, ಊರ್ನ ನೀವ್ ತಿದ್ದಕ್ಕಾದದಾ?" ಎಂದು ಬಕೆಟ್ ಎತ್ತಿಕೊಂಡರು.

ಕೆಲಸ ಕೊಡಿಸಲಾಗದಿದ್ದರೂ ಫೋಟೋ ಹಾಕಬಹುದಿತ್ತು. ರೋಗಿಗಳೇ ಆರಿಸಿದ್ದಾರೆ, ಯಾರೂ ಬೇಡ ಎನ್ನುವಂತಿಲ್ಲ. ಹಸಿರು ಸಮವಸ್ತ್ರದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದೆವು. ಕೆಂಪಮ್ಮ ಕ್ಯಾಮೆರಾ ಕಂಡದ್ದೇ ನಗು ಬಿಟ್ಟು, ಗುರುತಿನ ಚೀಟಿಗೆ ತೆಗೆಸಿಕೊಳ್ಳುವವರ ಹಾಗೆ ಬಿಗಿದು ನಿಂತರು. ಮಳವಳ್ಳಿಯ ಗೋಡೆಗೆ ಅದು ಏರಿದ್ದು ದಸರಾಕ್ಕೆ ಸ್ವಲ್ಪ ಮೊದಲು.

ಇನ್ನು ಆಯುಧಪೂಜೆ. ಆಸ್ಪತ್ರೆಯ ಆಯುಧಪೂಜೆ ನೋಡದವರು ಒಮ್ಮೆ ನೋಡಬೇಕು. ಎಕ್ಸ್‌ರೇ ಯಂತ್ರಕ್ಕೆ ವಿಭೂತಿ, ತೂಕದ ಯಂತ್ರಕ್ಕೆ ಕುಂಕುಮ, ಗಾಲಿಕುರ್ಚಿಗಳಿಗೆ ಚೆಂಡುಹೂವು, ಕಂಪ್ಯೂಟರಿನ ನೆತ್ತಿಗೊಂದು ಸೇವಂತಿಗೆ. ಆ ದಿನ ಮೂರೂ ಕಡೆಯ ಆಂಬುಲೆನ್ಸುಗಳನ್ನು ಮಂಡ್ಯಕ್ಕೆ ತರಿಸಿ ಒಟ್ಟಿಗೆ ಪೂಜೆ ಮಾಡುವ ರೂಢಿ. ಮಂಡ್ಯದ ಗುಡಿಸುವವರೆಲ್ಲ ರಜೆ ಕೇಳಿದ್ದರಿಂದ ಮಳವಳ್ಳಿಯಿಂದ ಕೆಂಪಮ್ಮನನ್ನು ಆ ಒಂದು ದಿನಕ್ಕೆ ಮಂಡ್ಯಕ್ಕೆ ಕರೆಸಿಕೊಂಡಿದ್ದೆವು.

ಪೂಜೆ ಮುಗಿದಿತ್ತು. ಕೆಂಪಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಟ್ಟಿಕೊಂಡ ಕಡ್ಲೆಪುರಿ ತಿನ್ನುತ್ತಿದ್ದರು. ಮಳವಳ್ಳಿಯಿಂದ ಫೋನ್ ಬಂತು. ಸ್ವಾಗತದ ಮೇಜಿನ ಪವಿತ್ರ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಮೇಡಂ, ಕೆಂಪಮ್ಮ ತೀರ್ಕೊಂಡ್ರಂತೆ!"

ನಾನು ಕೆಂಪಮ್ಮನನ್ನು ನೋಡಿದೆ. ಅವರು ಕಡ್ಲೆಪುರಿಯಲ್ಲಿ ಕೊಬ್ಬರಿ ಚೂರು ಹುಡುಕುತ್ತಿದ್ದರು.

"ಯಾರು ಹೇಳಿದರು ಪವಿತ್ರ?"

"ಊರೋರೆಲ್ಲ ಬಂದವ್ರೆ ಮೇಡಂ, ಟೆಂಪೋ ಮಾಡ್ಕಂಡು! ಅಳ್ತಾವ್ರೆ! ಬಾಡಿ ಎಲ್ಲಿ ಅಂತ ಕೇಳ್ತಾವ್ರೆ!"

ಫೋನನ್ನು ಕೆಂಪಮ್ಮನ ಕೈಗೆ ಕೊಟ್ಟೆ. ಅವರು, "ಏನವ್ವ ಪವಿತ್ರ, ನಾನ್ ಕಣೆ," ಎಂದರು. ಆ ಕಡೆಯಿಂದ ಒಂದು ಚೀರಾಟ, ಏನೋ ಬಿದ್ದ ಸದ್ದು, ಆಮೇಲೆ ಮೌನ. ಮತ್ತೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ, ಸಿಸ್ಟರೂ ಎತ್ತಲಿಲ್ಲ. ಕೆಂಪಮ್ಮನ ಸ್ವಂತ ಫೋನು ಚಾರ್ಜಿಲ್ಲದೆ ಬ್ಯಾಗಿನಲ್ಲಿ ಮಲಗಿತ್ತು. ಊರಿನವರು ಬೆಳಗಿನಿಂದ ಅದಕ್ಕೇ ಮಾಡಿ ಮಾಡಿ, ಸ್ವಿಚ್ ಆಫ್ ಬಂದದ್ದನ್ನೂ ಸಾವಿನ ಲೆಕ್ಕಕ್ಕೇ ಸೇರಿಸಿದ್ದರು.

ಆದದ್ದು ಇಷ್ಟು. ಪವಿತ್ರ ಬೆಳಿಗ್ಗೆ ಪೂಜೆಗೆ ಅಣಿ ಮಾಡುವಾಗ ಎಲ್ಲ ಯಂತ್ರಗಳಿಗೂ ಹಾರ ಹಾಕಿ, ಒಂದು ಹಾರ ಉಳಿದು, ಗೋಡೆ ನೋಡಿದ್ದಾಳೆ. ಕೆಂಪಮ್ಮನ ಫೋಟೋ ಒಂದೇ ಬೋಳಾಗಿ ಕಂಡಿದೆ. ಪಾಪ, ಅಕ್ಕರೆಯಿಂದ ಹಾರ ಹಾಕಿ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಟ್ಟು, ಕೆಳಗೆ ಬಾಳೆಹಣ್ಣಿಗೆ ಊದುಬತ್ತಿ ಸಿಕ್ಕಿಸಿದ್ದಾಳೆ. ಕಾಲಿನ ಗಾಯಕ್ಕೆ ಬ್ಯಾಂಡೇಜ್ ಬದಲಿಸಿಕೊಳ್ಳಲು ಬಂದ ಪೂರಿಗಾಲಿಯವರೊಬ್ಬರು ಅದನ್ನು ಕಂಡು ಅಲ್ಲಿಂದಲೇ ಊರಿಗೆ ಫೋನ್ ಮಾಡಿದ್ದಾರೆ. ಊರು ಅಳುತ್ತಾ ಬಂದು ನಿಂತಾಗ, ಹಾರ ಹಾಕಿದ ಪವಿತ್ರಳೂ ನಂಬಿಬಿಟ್ಟಿದ್ದಾಳೆ!

ಸಿದ್ಧವಾಗಿ ನಿಂತಿದ್ದದ್ದು ಅನ್ವರಣ್ಣನ ಆಂಬುಲೆನ್ಸ್ ಒಂದೇ. ಕೆಂಪಮ್ಮನನ್ನು ಮುಂದೆ ಕೂರಿಸಿಕೊಂಡು, ನಾನೂ ಅವರ ಪಕ್ಕ ಒತ್ತಿಕೊಂಡು ಕೂತೆ. ಮದ್ದೂರು ದಾಟಿ ಕೆ.ಎಂ. ದೊಡ್ಡಿ ಕಡೆ ಗಾಡಿ ಹಾರುತ್ತಿತ್ತು. ರಸ್ತೆಯ ಎರಡೂ ಬದಿ ಕಬ್ಬಿನ ಗದ್ದೆ, ಪೂಜೆ ಮಾಡಿಸಿಕೊಂಡ ಟ್ರ್ಯಾಕ್ಟರುಗಳು, ಒಡೆದ ಬೂದುಗುಂಬಳ.

"ಕೆಂಪಕ್ಕ, ನಿನ್ ತಿಥಿಗ್ ನೀನೇ ಓಯ್ತಾ ಇದ್ದೀಯಲ್ಲ," ಎಂದ ಅನ್ವರಣ್ಣ. "ನನ್ನೂ ಕರಿ, ಒಬ್ಬಟ್ಟಿದ್ರೆ ಬತ್ತೀನಿ."

"ಸುಮ್ಕೆ ಓಡ್ಸ್ಲಾ. ನನ್ ಸೊಸೆ ಅತ್ತವ್ಳಾ ಇಲ್ವಾ ನೋಡ್ಬೇಕು ನಾನು."

ಮಳವಳ್ಳಿಯ ಆಸ್ಪತ್ರೆಯ ಗೇಟು ಹೊಕ್ಕ ಮೇಲೆ ನಮಗೆ ಹೊಳೆಯಿತು, ನಾವು ಏನನ್ನು ತೆಗೆದುಕೊಂಡು ಬಂದಿದ್ದೇವೆ ಎಂದು. ನಮ್ಮ ಆಂಬುಲೆನ್ಸಿನ ಮುಂದೆ ಎರಡು ಬಾಳೆಕಂದು, ಸುತ್ತ ಚೆಂಡುಹೂವಿನ ಹಾರ. ಅಂಗಳದಲ್ಲಿದ್ದ ಜನ ಅದನ್ನು ಕಂಡು ಹೆಣವೇ ಬಂತು ಅಂದುಕೊಂಡರು. ಮರುಕ್ಷಣ ಗೋಳಾಟ ಮುಗಿಲಿಗೆ ಮುಟ್ಟಿತು. ಎಲ್ಲರೂ ಹಿಂದಿನ ಬಾಗಿಲಿಗೆ ಓಡಿದರು. ಮುಂದಿನ ಸೀಟನ್ನು ಯಾರು ನೋಡುತ್ತಾರೆ?

ನಾನು ಇಳಿಯಲು ಬಾಗಿಲಿಗೆ ಕೈ ಹಾಕಿದೆ. ಕೆಂಪಮ್ಮ ನನ್ನ ಮೊಣಕೈ ಹಿಡಿದರು.

"ಒಸಿ ತಡೀರಿ ಮೇಡಂ. ಕೇಳನ."

ಹಿಂದಿನ ಬಾಗಿಲಿಗೆ ತಲೆ ಆನಿಸಿಕೊಂಡು, ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿ ಅಳುವ ಹಾಗೆ, ಒಬ್ಬ ಮುದುಕಿ ರಾಗ ಹಿಡಿದಿದ್ದರು. ಕಿವಿಯಲ್ಲಿ ದೊಡ್ಡ ಓಲೆ, ಮೈತುಂಬ ಬಿಳಿ ಸೀರೆ. "ದೊಡ್ಮನೆ ನಿಂಗಮ್ಮವ್ರು," ಎಂದು ಕೆಂಪಮ್ಮ ಪಿಸುಗುಟ್ಟಿದರು. ಅವರ ಕಣ್ಣು ಅರಳಿತ್ತು. "ನಮ್ಮೂರ ಗೌಡ್ರ ಮನೆಯೋರು. ಅವ್ರೇ ಬಂದವ್ರೆ ನಂಗೆ!"

"ನೆಲ ಒರ್ಸಕ್ ಬಂದೋಳು ನನ್ ಕಣ್ಣೀರ್ ಒರುಸ್ದಲ್ಲವ್ವಾ ಕೆಂಪೀ..." ಎಂದು ನಿಂಗಮ್ಮ ಬಾಗಿಲು ಬಡಿದರು. ಕೆಂಪಮ್ಮನ ಮುಖದಲ್ಲಿ ಆನಂದವೋ ಆನಂದ. "ನನ್ ಮಗ ಸೊಸೆ ಓಟ್ಲುಗೋದಾಗ ನನ್ ಪಕ್ಕ ಕೂತಲ್ಲವ್ವಾ..."

"ಕೂತಿದ್ದೆ," ಎಂದು ಕೆಂಪಮ್ಮ ನನಗೆ ತಲೆಯಾಡಿಸಿದರು.

"ಕೈ ಎತ್ತಕ್ಕಾಗ್ದೆ ಬಿದ್ದಿದ್ ನಂಗೆ ಗಂಜಿ ಕುಡುಸ್ದಲ್ಲವ್ವಾ..."

ಕೆಂಪಮ್ಮನ ಆನಂದ ಅಲ್ಲಿಗೆ ಆರಿತು. ಅವರ ನೋಟ ಹಾರಿದ್ದು ಆಸ್ಪತ್ರೆಯ ಮೆಟ್ಟಿಲ ಕಡೆ. ಅಲ್ಲಿ ಸುಮಿತ್ರಾ ಸಿಸ್ಟರ್ ನಿಂತಿದ್ದರು. ಪ್ರತಿ ಮಾತೂ ಕೇಳುವಷ್ಟು ಹತ್ತಿರ.

"ಅಯ್ಯೋ, ಅದ್ನ ಯಾಕ್ ಯೋಳ್ತಾವ್ರೆ! ಓಯ್ತು ಮೇಡಂ, ನನ್ ಕೆಲ್ಸ ಓಯ್ತು!"

"ನಂಗೊಬ್ಳಿಗೇ ಅಲ್ಲ ಕಣವ್ವಾ, ಆ ಸಾಲಲ್ ಮಲಗಿದ್ದೋರ್ಗೆಲ್ಲ ಕುಡುಸ್ದಲ್ಲವ್ವಾ..." ನಿಂಗಮ್ಮನ ರಾಗ ಏರಿತು. "ಊರ್ನಲ್ಲಿ ನಿನ್ನ ಜಗಲಿ ಮ್ಯಾಲ್ ಅತ್ತುಸ್ನಿಲ್ವಲ್ಲವ್ವಾ ನಾನು... ಇಲ್ಲಿ ನಿನ್ನ ಎದೆ ಮ್ಯಾಲೇ ನನ್ ತಲೆ ಒರಗುಸ್ಕೊಂಡಲ್ಲವ್ವಾ ನೀನು..."

ಕೆಂಪಮ್ಮ ನನ್ನನ್ನು ಒಂದು ಕಡೆಗೆ ತಳ್ಳಿ, ಬಾಗಿಲು ತೆಗೆದು ಧುಮುಕಿದರು. "ಸಾಕ್ ಬುಡ್ರವ್ವಾ, ಬಾಯ್ ಮುಚ್ಚಿ, ನಾನ್ ಸತ್ತಿಲ್ಲ!"

ಅಂಗಳ ಹೇಗೆ ಒಡೆಯಿತು ಎಂದು ಬರೆಯುವುದು ನನ್ನಿಂದಾಗದು. ಒಬ್ಬರು ಓಡಿದರು, ಒಬ್ಬರು ಕೈಮುಗಿದರು, ಕೆಂಪಮ್ಮನ ಸೊಸೆ ಬಂದು ಅವರನ್ನು ತಬ್ಬಿಕೊಂಡು ಈಗ ನಿಜವಾಗಿ ಅತ್ತಳು. ಅನ್ವರಣ್ಣ ಸ್ಟಿಯರಿಂಗಿಗೆ ತಲೆ ಇಟ್ಟು ನಗುತ್ತಿದ್ದ. ಎಲ್ಲಕ್ಕಿಂತ ಮೊದಲು ಚೇತರಿಸಿಕೊಂಡವರು ನಿಂಗಮ್ಮ. ಅವರ ದುಃಖ ಕಣ್ಮುಂದೆಯೇ ಸಿಟ್ಟಾಯಿತು.

"ಬದ್ಕಿದ್ರೆ ಬದ್ಕಿವ್ನಿ ಅಂತ ಯೋಳ್ಬಾರ್ದಾ ಲೇ ಮೂದೇವಿ! ಒಟ್ಟೇಲಿದ್ದದ್ನೆಲ್ಲ ಆಚೆ ಆಕ್ಬುಟ್ನಲ್ಲ ನಾನು!"

ಆಗ ನನಗೆ ಅರ್ಥವಾಯಿತು, ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ "ಒಳ್ಳೇ ಯಮ್ಮ" ಎಂದು ಹೇಳಿ ಫ್ಯಾನು ನೋಡುತ್ತಿದ್ದದ್ದು ಯಾಕೆ ಎಂದು. ಸಿಸ್ಟರಿಗೆ ತಿಳಿದರೆ ಕೆಂಪಮ್ಮನ ಕೆಲಸ ಹೋಗುತ್ತದೆ. ಊರಿಗೆ ತಿಳಿದರೆ ಕುಡಿದವರ ಮರ್ಯಾದೆ ಹೋಗುತ್ತದೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಿಕೊಂಡು ಬಂದಿದ್ದರು.

ಸುಮಿತ್ರಾ ಸಿಸ್ಟರ್ ಕೆಂಪಮ್ಮನನ್ನು ಒಳಗೆ ಕರೆದರು. ನಾನೂ ಹೋದೆ. ಬಾಗಿಲು ಮುಚ್ಚಿದರೂ ಕಿಟಕಿಯ ತುಂಬ ಪೂರಿಗಾಲಿಯ ಮುಖಗಳು.

"ಗಂಜಿ ಕುಡಿಸಿದ್ದು ನಿಜವಾ?"

"ನಿಜ ಸಿಸ್ಟರ್."

"ನಾನು ಏನು ಹೇಳಿದ್ದೆ?"

"ಮುಟ್ಟಬ್ಯಾಡ ಅಂದಿದ್ರಿ." ಕೆಂಪಮ್ಮ ತಲೆ ತಗ್ಗಿಸಲಿಲ್ಲ. "ಮಧ್ಯಾನ ನರ್ಸಮ್ಮಾರು ಊಟಕ್ಕೋಯ್ತಾರೆ. ಮುದುಕ್ರು ಬಾಯ್ ಬಿಟ್ಕೊಂಡ್ ಮಲಗಿರ್ತಾರೆ, ತಟ್ಟೆ ಪಕ್ಕದಲ್ಲೇ ಆರೋಗಿರ್ತದೆ. ಸೋಪಾಕಿ ಕೈ ತೊಳ್ದೇ ಕುಡ್ಸಿವ್ನಿ. ತೆಗ್ಯದಾದ್ರೆ ತೆಗೀರಿ."

ನಾನು ದೊಡ್ಡ ದನಿಯಲ್ಲಿ ಮಾತಾಡುವವಳಲ್ಲ. ಆದರೆ ಈಗ ಬಿಟ್ಟರೆ ಇಂಥ ಗಳಿಗೆ ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು.

"ಸಿಸ್ಟರ್, ಅವತ್ತು ನೀವು ಎರಡು ಕಾರಣ ಹೇಳಿದ್ದಿರಿ. ಕಾಯಿಲೆ ಹರಡುವುದು ಒಂದು. ಅದನ್ನು ನಾನು ಒಪ್ಪುತ್ತೇನೆ, ಕಲಿಸಿದರೆ ಕಲಿಯುತ್ತಾರೆ. ಇನ್ನೊಂದು ಊರಿನ ಮಾತು ಅಂದಿರಿ. ಊರು ಕಿಟಕಿಯ ಹೊರಗೇ ನಿಂತಿದೆ. ಕೇಳಿಬಿಡೋಣ."

ಅವರು ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು. ಎದ್ದು ಸೀದಾ ಹೊರಗೆ ನಡೆದರು. ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ನಿಂಗಮ್ಮನನ್ನೇ ಕೇಳಿದರು.

"ಅಮ್ಮಾ, ಈಕೆಯನ್ನ ವಾರ್ಡಿಗೆ ಹಾಕಿದರೆ, ನೀರು, ಗಂಜಿ ಎಲ್ಲ ಈಕೆ ಕೈಯಿಂದಲೇ ಬರುತ್ತೆ. ನೀವು ಕುಡೀತೀರಾ?"

ವಾರ್ಡಿನ ಮರೆಯಲ್ಲಿ ಕುಡಿಯುವುದು ಬೇರೆ, ಊರಿನ ಮುಂದೆ ಒಪ್ಪಿಕೊಳ್ಳುವುದು ಬೇರೆ. ನಿಂಗಮ್ಮ ಸೆರಗು ಎಳೆದುಕೊಂಡರು. ಅವರ ಮಗ, ಅಲ್ಲೇ ನಿಂತಿದ್ದವನು, "ನಡೀ ಅವ್ವ, ಓಗನ," ಎಂದು ತೋಳು ಹಿಡಿದ. ಅವರು ತೋಳು ಕೊಡವಿದರು.

"ಬುಡ್ಲಾ. ಅವ್ಳು ಸತ್ತವ್ಳೆ ಅಂತ ಎಲ್ರ ಮುಂದೆ ಯೋಳ್ಕೊಂಡ್ ಅತ್ತಿವ್ನಿ. ಬದ್ಕವ್ಳೆ ಅಂತ ಈಗ ಇಲ್ಲ ಅನ್ನಕ್ಕಾದದಾ? ಕುಡ್ದಿವ್ನಿ. ಕುಡೀತೀನಿ."

ಹಿಂದೆ ಯಾರೋ ಗಂಡಸು ಏನೋ ಗೊಣಗಿದ. ನಿಂಗಮ್ಮ ತಿರುಗಿದರು.

"ಯಾವನ್ಲಾ ಅದು? ನಿಮ್ಮವ್ವನೂ ನನ್ ಪಕ್ಕದ್ ಮಂಚದಲ್ಲೇ ಮಲಗಿದ್ಲು. ಕುಡುದ್ಲೋ ಇಲ್ವೋ ಮನೆಗೋಗ್ ಕೇಳು."

ಅಂಗಳದಲ್ಲಿ ನಗು ಹೊತ್ತಿಕೊಂಡಿತು. ಗೊಣಗಿದವನನ್ನು ಅವನ ಪಕ್ಕದವರೇ ಬೆನ್ನಿಗೆ ಗುದ್ದಿ ನಕ್ಕರು. ಸುಮಿತ್ರಾ ಸಿಸ್ಟರ್ ನಗಲಿಲ್ಲ. ಒಳಗೆ ಬಂದು ಕೆಂಪಮ್ಮನಿಗೆ ಹೇಳಿದ ಮಾತು ನನಗೆ ಬಾಯಿಪಾಠವಿದೆ.

"ಊರಿನ ವಿಷಯದಲ್ಲಿ ನಾನು ತಪ್ಪು. ಕೈ ವಿಷಯದಲ್ಲಿ ಅಲ್ಲ. ನೆಲ ಒರೆಸೋ ಬಟ್ಟೆ ಹಿಡಿದ ದಿನ ಗಂಜಿ ಲೋಟ ಹಿಡಿಯೋ ಹಾಗಿಲ್ಲ. ನಾಳೆಯಿಂದ ಪೊರಕೆ ಮುಟ್ಟಬೇಡಿ. ನನ್ನ ಹತ್ತಿರ ಬನ್ನಿ, ಕೈ ತೊಳೆಯೋದರಿಂದ ಶುರು ಮಾಡೋಣ."

ಅವರು ಅದುವರೆಗೆ ಕೆಂಪಮ್ಮನಿಗೆ 'ಬನ್ನಿ' ಎಂದದ್ದನ್ನು ನಾನು ಕೇಳಿರಲಿಲ್ಲ.

ನಂಜೇಗೌಡರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ನಕ್ಕ ನಗು ಅವರ ಹಳೆಯ ಸಕ್ಕರೆ ಕಾರ್ಖಾನೆಯವರೆಗೂ ಕೇಳುವಂಥದ್ದು. "ಸಿಸ್ಟರ್ ಒಪ್ಪುದ್ರಾ? ಆಗಿದ್ರೆ ಆರ್ಡರ್ ಬರಿ, ಸೈನ್ ಆಕ್ತೀನಿ. ಮತ್ತೆ ಆ ಫೋಟೋ ಇಳ್ಸವ್ವ ಮೊದ್ಲು!"

ಇಳಿಸಿದೆವು. ಹಾರದ ಕಾರಣಕ್ಕೆ ಮಾತ್ರವಲ್ಲ. ಆ ದಿನದ ನಂತರ ಕೆಂಪಮ್ಮನನ್ನೇ ಕೇಳಿದೆ, ನಿಮಗೆ ಯಾವ ರೀತಿಯ ಗೌರವ ಬೇಕು ಎಂದು. ಅವರು ಯೋಚಿಸಿ, "ಆ ಮಧ್ಯಾನದೊತ್ತು ನರ್ಸಮ್ಮಾರ ಪಾಳಿ ಒಸಿ ಇಂದೆ ಮುಂದೆ ಮಾಡಿ, ವಾರ್ಡಲ್ಲಿ ಯಾರಾರ ಇರ್ಲಿ," ಎಂದರು. ತನಗೆಂದು ಕೇಳಲು ಹೇಳಿದರೆ ಕೆಲಸದಲ್ಲಿ ಬಿಟ್ಟುಹೋದ ಜಾಗವನ್ನು ತೋರಿಸಿದರು. ಆಮೇಲೆ ನಾನು ಎಲ್ಲರನ್ನೂ ಹಾಗೇ ಕೇಳತೊಡಗಿದೆ. ಮದ್ದೂರಿನ ಬೋರಣ್ಣ ಕಾವಲು ಕೋಣೆಗೆ ಕುರ್ಚಿ ಕೇಳಿದ. ಅನ್ವರಣ್ಣ, ರಂಜಾನ್ ತಿಂಗಳಲ್ಲಿ ಸಂಜೆಯ ಪಾಳಿ ಬದಲಿಸಿಕೊಡಿ ಎಂದ. ಪವಿತ್ರ ತನಗೇನೂ ಬೇಡ, ಆ ವಿಷಯ ಯಾರೂ ಎತ್ತಬಾರದು ಅಷ್ಟೇ ಎಂದಳು. ಅದೊಂದನ್ನು ಮಾತ್ರ ನನಗೆ ನಡೆಸಿಕೊಡಲು ಆಗಲಿಲ್ಲ. ಹೆಸರು ಬದಲಿಸಿ ಬರೆದಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ.

ನನ್ನ ಕುರ್ಚಿಗೆ ಬರುವ ಹುಡುಗಿಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಜನರಿಗೆ ಗೌರವ ಕೊಡುವ ಮೊದಲು ಅವರನ್ನು ಕೇಳು. ಅಡ್ಡ ಬರುವ ಮೇಲಿನವರನ್ನು ಕೆಟ್ಟವರು ಅಂದುಕೊಳ್ಳಬೇಡ, ಅವರ ಕಾರಣಗಳನ್ನು ಬಿಡಿಸಿ ನೋಡು. ಒಂದು ಗಟ್ಟಿ ಇರುತ್ತದೆ, ಒಂದು ಪೊಳ್ಳು.

ಕೆಂಪಮ್ಮ ಕಲಿತು ಮುಗಿಸಿ, ನೀಲಿ ಸೀರೆಯುಟ್ಟು, ಮೊದಲ ಸಲ ಎಲ್ಲರ ಕಣ್ಣೆದುರು ಗಂಜಿಯ ಲೋಟ ಹಿಡಿದು ಗಂಡಸರ ವಾರ್ಡಿಗೆ ಹೋದ ದಿನ ನಾನು ಬೇಕೆಂದೇ ಮಳವಳ್ಳಿಯಲ್ಲಿದ್ದೆ. ಸುಮಿತ್ರಾ ಸಿಸ್ಟರ್ ಬಾಗಿಲಲ್ಲಿ ಏನೋ ಬರೆಯುವವರಂತೆ ನಿಂತಿದ್ದರು, ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಮೊದಲ ಮಂಚದಲ್ಲಿ ಪೂರಿಗಾಲಿಯ ಸುದ್ದಿ ಕೇಳಿರದ, ಬಸರಾಳಿನ ಕಡೆಯಿಂದ ಮಗಳ ಮನೆಗೆ ಬಂದು ಕಾಯಿಲೆ ಬಿದ್ದ ಒಬ್ಬ ಮುದುಕ. ಕೆಂಪಮ್ಮ ಅವರ ತಲೆಯ ಕೆಳಗೆ ಕೈ ಕೊಟ್ಟು ಎತ್ತಿದರು. ಅವರು ಲೋಟವನ್ನು ನೋಡಲಿಲ್ಲ. ಕೆಂಪಮ್ಮನ ಮುಖ ನೋಡಿದರು.

"ಯಾವ್ ಊರವ್ವ?"

"ಪೂರಿಗಾಲಿ."

"ಯಾರ ಪೈಕಿ?"

ಈ ಕಡೆಯವರಿಗೆಲ್ಲ ಗೊತ್ತು, ಆ ಪ್ರಶ್ನೆ ಏನನ್ನು ಕೇಳುತ್ತದೆ ಎಂದು. ಸಿಸ್ಟರ್ ಒಂದು ಹೆಜ್ಜೆ ಮುಂದಿಟ್ಟರು. ಕೆಂಪಮ್ಮ ಚಮಚದಲ್ಲಿ ಗಂಜಿ ತಿರುವುತ್ತಲೇ ಇದ್ದರು.

"ಆಸ್ಪತ್ರೆ ಪೈಕಿ ಕಣಪ್ಪ. ಬಾಯ್ ತಗಿ, ಆರೋಯ್ತದೆ."

ಮುದುಕ ಇನ್ನೊಂದು ಸಲ ಮುಖ ನೋಡಿ, ಬಾಯಿ ತೆಗೆದರು.